ಅಜ್ಜಿಕಥೆಯನ್ನು ಕಾಮಿಕ್ಸ್ ಮಾಡುವಾಗ ಯಾವುದನ್ನು ಬಿಡಿಸಬೇಕು, ಯಾವುದನ್ನು ಬಿಡಬೇಕು?

ಪೆನ್ಸಿಲ್ ಮಾಣಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಕನ್ನಡದಲ್ಲಿ ಒಂದು ಮಕ್ಕಳ ಕಾಮಿಕ್ಸ್ ಮಾಡುತ್ತಿದ್ದೇವೆ. ಗ್ರಿಮ್ ಸಹೋದರರ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’. ಹೊಟ್ಟೆಗಿಲ್ಲದ ಮನೆಯವರು ಕಾಡಿಗೆ ಬಿಟ್ಟ ಅಣ್ಣ ತಂಗಿ, ಮಕ್ಕಳನ್ನು ತಿನ್ನುವ ಮಾಟಗಾತಿಯ ಕೈಗೆ ಸಿಕ್ಕಿ ತಪ್ಪಿಸಿಕೊಳ್ಳುವ ಜರ್ಮನಿಯ ಕಥೆ. ಒಂದು ಫಾರಂ, ಅಂದರೆ 16 ಪುಟ. ಒಳಗೆ ಕಪ್ಪು ಬಿಳುಪು, ಮುಖಪುಟ ಮಾತ್ರ ಬಣ್ಣ. ಅಚ್ಚಾದ ಮೇಲೆ ಉಡುಪಿ ಸುತ್ತಮುತ್ತಲಿನ ಶಾಲೆಗಳ ಲೈಬ್ರರಿಗೆ ಕೊಡುವುದು ಅಂತ ಉಂಟು.

ಬಿಡಿಸಲು ಕೂತ ಮೇಲೆ ತಲೆನೋವು ಶುರುವಾಯಿತು. ಕಥೆ ಹೇಳುವವರು ‘ದೊಡ್ಡ ಕಾಡಿನ ಅಂಚಿನಲ್ಲಿ ಒಬ್ಬ ಬಡ ಸೌದೆ ಕಡಿಯುವವನು ಇದ್ದ’ ಅಂದರೆ ಮುಗಿಯಿತು. ಕೇಳುವ ಮಗು ತನಗೆ ಬೇಕಾದ ಕಾಡು, ತನಗೆ ಬೇಕಾದ ಮನೆ ಮಾಡಿಕೊಳ್ಳುತ್ತದೆ. ನಾನು ಹಾಗೆ ಬಿಡುವ ಹಾಗಿಲ್ಲ. ಅವನಿಗೆ ಪ್ಯಾಂಟೋ ಮುಂಡೋ? ಮರ ಪೈನೋ ಹಲಸೋ? ಮಾಡು ಹುಲ್ಲಿನದೋ ಹಂಚಿನದೋ? ಮಕ್ಕಳನ್ನು ಕಾಡಿಗೆ ಬಿಟ್ಟು ಬರೋಣ ಅಂತ ಗಂಡನಿಗೆ ಹೇಳುತ್ತಾಳಲ್ಲ, ಆ ಹೆಂಗಸಿನ ಮುಖ ಹೇಗೆ? ಒಂದು ಸಲ ಬಿಡಿಸಿದರೆ ಅದೇ ಗಟ್ಟಿ. ಓದುವ ಮಗುವಿಗೆ ಬೇರೆ ಮುಖ ಕಾಣುವುದಿಲ್ಲ.

ಗೆಳೆಯರಲ್ಲಿ ಒಬ್ಬನಿಗೆ ಪೂರ್ತಿ ಕರಾವಳಿಯದ್ದೇ ಆಗಬೇಕು. ಇನ್ನೊಬ್ಬಳಿಗೆ ಜರ್ಮನಿಯದ್ದು ಜರ್ಮನಿಯದ್ದಾಗಿಯೇ ಇರಬೇಕು. ನಾನು ನಡುವೆ ಸಿಕ್ಕಿಬಿದ್ದಿದ್ದೇನೆ. ಕಾಮಿಕ್ಸ್ ಓದಿದವರು, ಬಿಡಿಸಿದವರು, ಮಕ್ಕಳಿಗೆ ಪಾಠ ಮಾಡುವವರು ಇಲ್ಲಿ ಜಾಸ್ತಿ ಇದ್ದೀರಿ. ನೀವು ಏನು ಹೇಳುತ್ತೀರಿ?

ಮಲ್ಪೆ ಮೀನು

ಡಿಸ್ನಿ ಹಾಗೆ ಮಾಡಬೇಡಿ ಮಾರಾಯ್ರೆ. ಅಷ್ಟಾದರೆ ಸಾಕು.

ಹಳೇ ಪುಸ್ತಕ ಮಾಮ, ಕಾರ್ಕಳ

ಮಾಣಿ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ಕನ್ನಡಕ್ಕೆ ಇದು ಹೊಸತಲ್ಲ. ‘ಅಮರ ಚಿತ್ರ ಕಥೆ’ ಅಂದ ಕೂಡಲೇ ನಮಗೆ ಕೃಷ್ಣ, ರಾಮ, ಹನುಮಂತ ನೆನಪಾಗುತ್ತಾರೆ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳಲ್ಲಿ ಇವರು ಯಾರೂ ಇರಲಿಲ್ಲ. 1965ರ ಹೊತ್ತಿಗೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ಆ ಹತ್ತು ಬಂದದ್ದು ಕನ್ನಡದಲ್ಲಿ. ಎಲ್ಲವೂ ಹೊರಗಿನ ಕಥೆಗಳು. ಸಿಂಡರೆಲ್ಲಾ, ಜ್ಯಾಕ್ ಮತ್ತು ಅವನ ಬಳ್ಳಿ, ಕೆಂಪು ಟೋಪಿಯ ಹುಡುಗಿ, ಇಂಥವು. ಆಮೇಲೆ ಇಂಗ್ಲಿಷ್‌ನಲ್ಲಿ ‘ಕೃಷ್ಣ’ ಬಂದಾಗ ಅದಕ್ಕೆ 11ನೇ ನಂಬರ್ ಬಿದ್ದದ್ದು ಈ ಕಾರಣಕ್ಕೆ.

ಆ ಮಾಲೆಯ ಸಂಪಾದಕ ಅನಂತ ಪೈ ಅವರು ನಮ್ಮ ಊರಿನವರು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಚಿಕ್ಕ ಪ್ರಾಯದಲ್ಲೇ ಮುಂಬಯಿಗೆ ಹೋದವರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಇಂದ್ರಜಾಲ ಕಾಮಿಕ್ಸ್ ಕೆಲಸ ಮಾಡಿದವರು. 1967ರಲ್ಲಿ ದೂರದರ್ಶನದ ಒಂದು ಕ್ವಿಜ್‌ನಲ್ಲಿ ಮಕ್ಕಳು ಗ್ರೀಕ್ ದೇವರ ಬಗ್ಗೆ ಪಟಪಟ ಹೇಳಿ, ರಾಮನ ತಾಯಿ ಯಾರು ಅಂದಾಗ ಸುಮ್ಮನೆ ನಿಂತದ್ದನ್ನು ನೋಡಿದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಅಲ್ಲಿಂದ ಮಾಲೆ ಪುರಾಣದ ಕಡೆ ತಿರುಗಿತು. ಅದರ ಲಾಭ ನಮಗೆಲ್ಲ ಗೊತ್ತು. ಆದರೆ ಅಜ್ಜಿಕಥೆಗೆ ಆ ಮಾಲೆಯಲ್ಲಿ ಮೊದಲಿನ ಜಾಗ ಉಳಿಯಲಿಲ್ಲ ಅನ್ನುವುದು ನನ್ನ ಸಣ್ಣ ತಕರಾರು.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ ಇದು, ಗೊತ್ತುಂಟು. ಸುಮ್ನೆ ಹೇಳಿದೆ. ಉತ್ತರ ಯೋಚಿಸಿ ಬರೆಯುತ್ತೇನೆ.

ಭಟ್ಟಿ ಬ್ರೆಡ್ಡು, ಬಲ್ಮಠ

ನನ್ನ ಓಟು ಕರಾವಳಿಗೆ. ಆ ಮಾಟಗಾತಿಯ ಮನೆ ಹೇಗೆ ಅಂತ ಮೂಲದಲ್ಲಿ ನೋಡಿ. ಗೋಡೆ ಬ್ರೆಡ್ಡು, ಮಾಡು ಕೇಕು, ಕಿಟಕಿ ತಿಳಿ ಸಕ್ಕರೆ. ಮಂಗಳೂರಿನವರಿಗೆ ಇದನ್ನು ಬೇರೆ ವಿವರಿಸಬೇಕಾ? ಬೇಕರಿ ಮಾಡಿಬಿಡಿ! ಕಿಟಕಿಗೆ ಕಲ್ಲುಸಕ್ಕರೆ ಹಾಕಿ.

ಇನ್ನೊಂದು ಗಟ್ಟಿ ಕಾರಣ ಉಂಟು. ಕೊನೆಗೆ ಗ್ರೆಟೆಲ್ ಅವಳನ್ನು ಒಲೆಯೊಳಗೆ ನೂಕಬೇಕಲ್ಲ? ನಮ್ಮ ಅಡುಗೆಮನೆಯ ಒಲೆಗೆ ಒಂದು ಪಾತ್ರೆ ಹಿಡಿಯುತ್ತದೆ. ಬಚ್ಚಲೊಲೆಗೆ ತೆಂಗಿನ ಮಡಲು ಹಿಡಿಯುತ್ತದೆ. ಮುದುಕಿ ಹಿಡಿಯುವುದಿಲ್ಲ. ಆಳೆತ್ತರದ ಹೆಂಗಸು ಒಳಗೆ ಹೋಗುವ ಹಾಗಿನದ್ದು ಅಂದರೆ ಹಳೇ ಬೇಕರಿಯ ಸೌದೆ ಭಟ್ಟಿಯೇ. ಅದರ ಬಾಯಿ, ಒಳಗಿನ ಕೆಂಪು, ಬ್ರೆಡ್ಡು ಒಳಗೆ ತಳ್ಳುವ ಆ ಉದ್ದ ಹಿಡಿಯ ಮರದ ಹಲಗೆ, ಎಲ್ಲ ಕಪ್ಪು ಬಿಳುಪಿನಲ್ಲಿ ಎಷ್ಟು ಚೆಂದ ಬರುತ್ತದೆ. ಮೂಲದಲ್ಲೂ ಮಾಟಗಾತಿ ‘ಒಳಗೆ ಹೋಗಿ ಬಿಸಿ ಆಗಿದೆಯಾ ನೋಡು’ ಅಂತಲೇ ಅಲ್ವಾ ಹುಡುಗಿಗೆ ಹೇಳುವುದು? ಬೇಕರಿಯಲ್ಲಿ ಕೆಲಸಕ್ಕೆ ಸೇರಿದ ಹೊಸ ಹುಡುಗನಿಗೆ ಹೇಳುವ ಮಾತೇ ಅದು.

ಮಲ್ಪೆ ಮೀನು

ಗೋಡೆಗೆ ಬನ್ಸ್ ಅಂಟಿಸಿದರೆ ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಗೋಳಿಬಜೆ ಬೇಕಾದರೆ ನಿಲ್ಲುತ್ತದೆ, ನಮ್ಮ ಹಾಸ್ಟೆಲಿನದ್ದಾದರೆ.

ಜರ್ಮನಿ ಪಕ್ಷ, ಮಂಗಳೂರು

ಮಾಣಿ ಹೇಳಿದ ‘ಇನ್ನೊಬ್ಬಳು’ ನಾನೇ. ನನ್ನ ವಾದ ನಾನೇ ಹೇಳುತ್ತೇನೆ.

ಹೆಸರು ಹ್ಯಾನ್ಸೆಲ್, ಮಾಡಿಗೆ ಮಂಗಳೂರು ಹಂಚು, ಅಪ್ಪನಿಗೆ ಮುಂಡಾಸು. ಇದು ಕರಾವಳಿ ಮಾಡಿದ ಹಾಗಲ್ಲ, ವೇಷ ಹಾಕಿದ ಹಾಗೆ. ಬದಲಾಯಿಸುವುದಾದರೆ ಒಳಗಿನಿಂದ ಬದಲಾಯಿಸಬೇಕು. ಆ ಕಥೆ ನಿಂತಿರುವುದು ಬರಗಾಲದ ಮೇಲೆ. ಯುರೋಪಿನಲ್ಲಿ ಚಳಿಗಾಲಕ್ಕೆ ಮುಂಚೆ ಧಾನ್ಯ ಮುಗಿದರೆ ಮುಂದಿನ ಸುಗ್ಗಿವರೆಗೆ ಹೊಟ್ಟೆಗೆ ಇಲ್ಲ. ಹಾಗಾಗಿ ಎರಡು ಬಾಯಿ ಕಡಿಮೆ ಮಾಡುವ ಯೋಚನೆ ಬರುತ್ತದೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು ಯಾವುದು? ಆಟಿ ತಿಂಗಳು. ಮಳೆ ಬಿಡುವುದಿಲ್ಲ, ಕೆಲಸ ಇಲ್ಲ, ಕಣಜ ಖಾಲಿ. ಕೆಸುವಿನ ಎಲೆ, ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು) ತಿಂದು ದಿನ ದೂಡುತ್ತಿದ್ದರು ಅಂತ ಹಿರಿಯರು ಹೇಳುತ್ತಾರಲ್ಲ. ಆಟಿಯಲ್ಲಿ ಕಥೆ ಇಟ್ಟರೆ ನಾನು ಒಪ್ಪುತ್ತೇನೆ. ಆದರೆ ಆಗ ಮಕ್ಕಳಿಗೆ ಮನೆಯ ದಾರಿ ತೋರಿಸುವ, ಬೆಳದಿಂಗಳಲ್ಲಿ ಹೊಳೆಯುವ ಬಿಳಿ ಕಲ್ಲು ಹೋಯಿತು. ಆಟಿಯಲ್ಲಿ ಎಲ್ಲಿಯ ಬೆಳದಿಂಗಳು? ಒಂದನ್ನು ಎಳೆದರೆ ಇನ್ನೊಂದು ಕಳಚುತ್ತದೆ. ಹಾಗಾಗಿ ಜರ್ಮನಿಯಲ್ಲೇ ಇರಲಿ ಅನ್ನುವುದು.

ಹಂಚಿನ ಬಗ್ಗೆ ಮಾತ್ರ ಒಂದು ತಮಾಷೆ. 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೇ ಬಾಸೆಲ್ ಮಿಶನ್‌ನ ಜರ್ಮನ್ ಪ್ಲೆಬ್ಸ್ಟ್. ‘ನಮ್ಮದು’ ಅಂತ ನೀವು ಹಾಕುವ ಹಂಚೂ ಅಲ್ಲಿಯ ಕೈಯಿಂದಲೇ ಬಂದದ್ದು.

ಟೀಚರಕ್ಕ, ಬ್ರಹ್ಮಾವರ

ನಾನು ಪ್ರೈಮರಿ ಮಕ್ಕಳಿಗೆ ಪಾಠ ಮಾಡುವವಳು. ಹಂಚು, ಹುಲ್ಲು ನಿಮಗೆ ಬಿಟ್ಟದ್ದು. ನನಗೆ ಮಲತಾಯಿಯದ್ದೇ ಚಿಂತೆ.

ಸಿಂಡರೆಲ್ಲಾಗೆ ಮಲತಾಯಿ, ಸ್ನೋ ವೈಟ್‌ಗೆ ಮಲತಾಯಿ, ಇಲ್ಲೂ ಮಲತಾಯಿ. ಮಲತಾಯಿ ಜೊತೆ ಚೆನ್ನಾಗಿಯೇ ಬೆಳೆಯುವ ಮಕ್ಕಳು ನನ್ನ ಕ್ಲಾಸಿನಲ್ಲಿ ಇದ್ದಾರೆ. ಬಾಯಲ್ಲಿ ಕಥೆ ಹೇಳುವಾಗ ನಾನು ಆ ಜಾಗವನ್ನು ಮೆಲ್ಲ ದಾಟಿಸುತ್ತೇನೆ. ‘ಮನೆಯಲ್ಲಿ ಊಟಕ್ಕೆ ಇರಲಿಲ್ಲ, ದೊಡ್ಡವರಿಗೆ ಬುದ್ಧಿ ಕೆಟ್ಟಿತು’ ಅಂದರೆ ಸಾಕಾಗುತ್ತದೆ. ಚಿತ್ರದಲ್ಲಿ ಹಾಗೆ ದಾಟಿಸಲು ಆಗುವುದಿಲ್ಲ. ಚೂಪು ಮೂಗು, ಮೇಲೆ ಹೋದ ಹುಬ್ಬು, ಕೊಂಕು ನಗು ಬಿಡಿಸಿ ಇಟ್ಟರೆ ಮಗು ಆ ಪುಟವನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತದೆ.

ಹಿಂಸೆಯ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ನಮ್ಮ ಮಕ್ಕಳು ಯಕ್ಷಗಾನದ ಆಟ ನೋಡಲು ಹೋಗಿ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವುದನ್ನು ಮುಂದಿನ ಸಾಲಲ್ಲಿ ಕೂತು ನೋಡುತ್ತಾರೆ. ಮಾಟಗಾತಿಯನ್ನು ಒಲೆಗೆ ನೂಕಿದರೆ ಚಪ್ಪಾಳೆ ಹೊಡೆಯುತ್ತಾರೆ ಅಷ್ಟೆ.

ಹಳೇ ಪುಸ್ತಕ ಮಾಮ, ಕಾರ್ಕಳ

ಟೀಚರಕ್ಕನಿಗೆ ಒಂದು ಕುತೂಹಲದ ವಿಷಯ. ಗ್ರಿಮ್ ಸಹೋದರರ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅದರಲ್ಲಿ ಹ್ಯಾನ್ಸೆಲ್ ಗ್ರೆಟೆಲ್‌ರನ್ನು ಕಾಡಿಗೆ ಬಿಡಲು ಹೇಳುವವಳು ಮಲತಾಯಿ ಅಲ್ಲ. ಹೆತ್ತ ತಾಯಿ. ಸ್ನೋ ವೈಟ್‌ನ ರಾಣಿಯೂ ಹಾಗೆಯೇ, ಸ್ವಂತ ಅಮ್ಮ. 1819ರ ಎರಡನೇ ಮುದ್ರಣದಲ್ಲಿ ರಾಣಿ ಮಲತಾಯಿ ಆದಳು. ಹ್ಯಾನ್ಸೆಲ್‌ನ ಅಮ್ಮ ಮಲತಾಯಿ ಆದದ್ದು ಇನ್ನೂ ತಡವಾಗಿ, 1840ರ ಮುದ್ರಣದಲ್ಲಿ. ಪುಸ್ತಕ ಮಕ್ಕಳ ಕೈಗೆ, ಮನೆಮನೆಗೆ ಹೋಗಲು ಶುರುವಾದ ಮೇಲೆ ಹೆತ್ತ ತಾಯಿ ಹೀಗೆ ಮಾಡುವುದು ಬೇಡ ಅನ್ನಿಸಿರಬೇಕು. 1857ರ ಏಳನೇ ಮುದ್ರಣದವರೆಗೂ ವಿಲ್ಹೆಲ್ಮ್ ಗ್ರಿಮ್ ತಿದ್ದುತ್ತಲೇ ಇದ್ದರು.

ಹಾಗಾಗಿ ‘ಮೂಲಕ್ಕೆ ನಿಷ್ಠೆ’ ಅನ್ನುವವರಿಗೆ ನಾನು ಕೇಳುವುದು, ಯಾವ ಮೂಲಕ್ಕೆ? ಕೆಂಪು ಟೋಪಿಯ ಹುಡುಗಿಯನ್ನೇ ನೋಡಿ. 1697ರಲ್ಲಿ ಫ್ರಾನ್ಸಿನ ಪೆರೋ ಬರೆದದ್ದರಲ್ಲಿ ತೋಳ ಅವಳನ್ನು ತಿನ್ನುತ್ತದೆ, ಕಥೆ ಮುಗಿಯಿತು. ಬೇಟೆಗಾರ ಬಂದು ಹೊಟ್ಟೆ ಕೊಯ್ದು ಉಳಿಸುವುದು ಗ್ರಿಮ್ ಪುಸ್ತಕದಲ್ಲಿ. ಕುಂಬಳಕಾಯಿ ಗಾಡಿ, ಗಾಜಿನ ಪಾದರಕ್ಷೆ ಪೆರೋನವು. ಗ್ರಿಮ್ ಸಿಂಡರೆಲ್ಲಾದಲ್ಲಿ ಅವೆರಡೂ ಇಲ್ಲ. ಅಮ್ಮನ ಸಮಾಧಿಯ ಮೇಲೆ ಬೆಳೆದ ಮರ ಉಂಟು, ಹಕ್ಕಿಗಳು ಉಂಟು. ಅಕ್ಕಂದಿರು ಚಪ್ಪಲಿಗೆ ಕಾಲು ಹಿಡಿಸಲು ಬೆರಳು, ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಕಪ್ಪೆ ರಾಜಕುಮಾರನಿಗೆ ಮುತ್ತು ಕೊಡುವುದು ಅಲ್ಲಿ ಇಲ್ಲವೇ ಇಲ್ಲ. ಹುಡುಗಿ ಸಿಟ್ಟಿನಲ್ಲಿ ಕಪ್ಪೆಯನ್ನು ಎತ್ತಿ ಗೋಡೆಗೆ ಬಡಿಯುತ್ತಾಳೆ!

ಮಲ್ಪೆ ಮೀನು

ಆ ಪ್ಯಾನಲ್, ಅಂದರೆ ಆ ಒಂದು ಚೌಕದ ಚಿತ್ರ, ಯಾರಾದರೂ ಬಿಡಿಸಿ ಹಾಕಿ. ನಾನು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ.

ಪೆನ್ಸಿಲ್ ಮಾಣಿ, ಉಡುಪಿ

ಟೀಚರಕ್ಕ ಹೇಳಿದ್ದು ತಲೆಯಲ್ಲಿ ಕೂತಿತು. ರಾತ್ರಿ ಕೂತು ಆ ಮೊದಲ ಎರಡು ಪುಟ ಪುನಃ ಹಾಕಿ ನೋಡಿದೆ. ಈ ಸಲ ಆ ಹೆಂಗಸಿನ ಮುಖವನ್ನೇ ಬಿಡಿಸಲಿಲ್ಲ. ಕಥೆಯಲ್ಲಿ ಮಕ್ಕಳು ಹಸಿವಿನಿಂದ ನಿದ್ರೆ ಬಾರದೆ ಮಲಗಿರುತ್ತಾರೆ, ಪಕ್ಕದ ಕೋಣೆಯ ಮಾತು ಕೇಳಿಸಿಕೊಳ್ಳುತ್ತಾರೆ. ಅಂದ ಮೇಲೆ ಮಕ್ಕಳಿಗೂ ಅವಳ ಮುಖ ಕಾಣುವುದಿಲ್ಲ ಅಲ್ವಾ? ಹಾಗಾಗಿ ಪ್ಯಾನಲ್ ಪೂರ್ತಿ ಕತ್ತಲೆ. ಎರಡು ಜೊತೆ ಕಣ್ಣು ಮಾತ್ರ. ಮಾತಿನ ಬಲೂನಿನ ಬಾಲ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ. ಮರುದಿನ ಬೆಳಿಗ್ಗೆ ಬ್ರೆಡ್ಡು ಹಂಚುವಾಗ ಅವಳ ಕೈ ಮಾತ್ರ. ಕಾಡಿಗೆ ಹೋಗುವಾಗ ಬೆನ್ನು.

ಹೀಗೆ ಮಾಡಿದರೆ ಹೆತ್ತವಳೋ ಮಲತಾಯಿಯೋ ಅಂತ ಬರೆಯುವ ಅಗತ್ಯವೇ ಬರುವುದಿಲ್ಲ. ಮಕ್ಕಳಿಗೆ ಅವಳು ‘ಅಮ್ಮ’. ಅಷ್ಟೆ.

ಟೀಚರಕ್ಕ, ಬ್ರಹ್ಮಾವರ

ಇದು ನನಗೆ ಆಗಬಹುದು. ಇನ್ನೂ ಜಾಸ್ತಿ ಹೆದರಿಕೆ ಆಗುತ್ತದೆ, ಆದರೆ ಇದು ಬೇರೆ ತರದ ಹೆದರಿಕೆ.

ಚೌಕಿಯ ಹುಡುಗ, ಕಟೀಲು ಕಡೆ

ಮಾಟಗಾತಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ರೆಡಿ ಉಂಟಲ್ಲ, ಯಕ್ಷಗಾನದ ರಾಕ್ಷಸಿ ವೇಷ, ಹೆಣ್ಣು ಬಣ್ಣ! ತೆಂಕುತಿಟ್ಟಿನ ಶೂರ್ಪನಖಿ, ಪೂತನಿ ವೇಷ ನೋಡಿದ ಮಗುವಿಗೆ ಬೇರೆ ಮಾಟಗಾತಿ ಯಾಕೆ? ಮುಖದ ಮೇಲಿನ ಆ ಚಿಟ್ಟಿ ಚುಕ್ಕಿಗಳು, ಕಪ್ಪು ಕೆಂಪು ಬಣ್ಣ, ಕೋರೆಹಲ್ಲು. ಕಪ್ಪು ಬಿಳುಪಿನಲ್ಲೂ ಎದ್ದು ನಿಲ್ಲುತ್ತದೆ.

ಜರ್ಮನಿ ಪಕ್ಷ, ಮಂಗಳೂರು

ಮುಖ ನೋಡಿದ ಕೂಡಲೇ ಗುಟ್ಟು ಗೊತ್ತಾಗುತ್ತದೆ. ಕಥೆಯಲ್ಲಿ ಅವಳು ಊರುಗೋಲು ಹಿಡಿದ ಅಜ್ಜಿಯಾಗಿ ಬರುತ್ತಾಳೆ. ‘ಬನ್ನಿ ಮಕ್ಕಳೇ’ ಅಂತ ಕೈ ಹಿಡಿದು ಒಳಗೆ ಕರೆಯುತ್ತಾಳೆ. ಹಾಲು, ಸಕ್ಕರೆ ಹಾಕಿದ ದೋಸೆ, ಸೇಬು, ಬೀಜ ಕೊಡುತ್ತಾಳೆ. ಬಿಳಿ ಹಾಸಿಗೆ ಹಾಸುತ್ತಾಳೆ. ಕೋರೆಹಲ್ಲಿನವಳು ದೋಸೆ ಕೊಟ್ಟರೆ ಯಾವ ಮಗು ತಿನ್ನುತ್ತದೆ?

ಚೌಕಿಯ ಹುಡುಗ, ಕಟೀಲು ಕಡೆ

ಅಕ್ಕಾ, ಆಟದಲ್ಲಿ ಅದಕ್ಕೂ ದಾರಿ ಉಂಟು. ಶೂರ್ಪನಖಿ ಒಬ್ಬಳೇ ಆದರೂ ವೇಷ ಎರಡು. ಮೊದಲು ಮಾಯಾ ಶೂರ್ಪನಖಿ, ಅದು ಚೆಂದದ ಸ್ತ್ರೀವೇಷ. ರಾಮನನ್ನು, ಲಕ್ಷ್ಮಣನನ್ನು ಮಾತಾಡಿಸುವುದು ಅವಳು. ಆಮೇಲೆ ಘೋರ ಶೂರ್ಪನಖಿ, ಅದು ಬಣ್ಣ. ಇಬ್ಬರು ಬೇರೆ ಬೇರೆ ಕಲಾವಿದರು ಮಾಡುತ್ತಾರೆ. ಒಬ್ಬಳು ರಂಗದಿಂದ ಮರೆಯಾಗುವುದು, ಇನ್ನೊಬ್ಬಳು ಬೊಬ್ಬೆ ಹಾಕಿ ಬರುವುದು. ನಡುವೆ ಮುಖ ಬದಲಾದದ್ದನ್ನು ಯಾರೂ ನೋಡುವುದಿಲ್ಲ. ಆದರೂ ಇವಳೇ ಅವಳು ಅಂತ ಎಲ್ಲರಿಗೂ ಗೊತ್ತು.

ಕಾಮಿಕ್ಸ್‌ನಲ್ಲಿ ಆ ‘ನಡುವೆ’ ಅಂದರೆ ಪುಟ ತಿರುಗಿಸುವುದು. ಬಲಪುಟದ ಕೊನೆಯ ಪ್ಯಾನಲ್‌ನಲ್ಲಿ ಅಜ್ಜಿ ಹಾಸಿಗೆ ಸರಿ ಮಾಡುತ್ತಿರಲಿ. ತಿರುಗಿಸಿದರೆ ಎಡಪುಟದಲ್ಲಿ ಪೂರ್ತಿ ಪುಟದ ಘೋರ.

ಪೆನ್ಸಿಲ್ ಮಾಣಿ, ಉಡುಪಿ

ಮಾಯಾ, ಘೋರ ಎರಡನ್ನೂ ತೆಗೆದುಕೊಂಡೆ ಅಣ್ಣ. ಹೆಣ್ಣು ಬಣ್ಣವನ್ನು ಹಾಗೆಯೇ ಇಳಿಸುವುದಿಲ್ಲ, ನನ್ನ ಕೈಗೆ ಆ ಬರವಣಿಗೆ ಬರುವುದೂ ಇಲ್ಲ. ಆದರೆ ಒಂದೇ ಹೆಂಗಸಿಗೆ ಎರಡು ಪೂರ್ತಿ ಬೇರೆ ಮುಖ, ನಡುವಿನದ್ದು ತೋರಿಸುವುದೇ ಇಲ್ಲ ಅನ್ನುವುದು ಗಟ್ಟಿ.

ಕಥೆಯಲ್ಲಿ ಇನ್ನೊಂದು ವಿಷಯ ಉಂಟು. ಮಾಟಗಾತಿಗೆ ಕಣ್ಣು ಮಂದ. ಗೂಡಿನಲ್ಲಿ ಕೂಡಿಹಾಕಿದ ಹ್ಯಾನ್ಸೆಲ್ ಕೊಬ್ಬಿದನಾ ಅಂತ ಅವಳು ಬೆರಳು ಮುಟ್ಟಿ ನೋಡುವಾಗ ಅವನು ಬೆರಳಿನ ಬದಲು ಮೂಳೆ ಚಾಚುವುದು ಅದಕ್ಕೇ. ಅಲ್ಲಿ ಒಂದು ಪ್ಯಾನಲ್ ಅವಳ ಕಣ್ಣಿನಿಂದ ಬಿಡಿಸುವ ಯೋಚನೆ ಬಂದಿದೆ. ಎಲ್ಲ ಮಸುಕು, ಗೆರೆ ಒಡೆದು ಹೋದದ್ದು. ಬಿಳಿಯ ಒಂದು ಕಡ್ಡಿ ಮಾತ್ರ ಕಾಣುತ್ತದೆ. ಓದುವವರಿಗೂ ಅದು ಮೂಳೆಯೋ ಬೆರಳೋ ಗೊತ್ತಾಗಬಾರದು.

ಅಕ್ಷರ ಅಳತೆ, ಮಣಿಪಾಲ

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಮಾಡುವವನು. ಎಲ್ಲರೂ ಚಿತ್ರದ ಬಗ್ಗೆ ಹೇಳುತ್ತೀರಿ, ಅಕ್ಷರದ ಬಗ್ಗೆ ಯಾರೂ ಕೇಳುವುದಿಲ್ಲ. ಕನ್ನಡ ಕಾಮಿಕ್ಸ್ ಕೆಡುವುದು ಜಾಸ್ತಿ ಅಲ್ಲೇ.

ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಹೆಚ್ಚಾಗಿ ಎಲ್ಲ ದೊಡ್ಡಕ್ಷರ. ಒಂದೇ ಎತ್ತರ. ಸಾಲಿನ ಕೆಳಗೆ ಸಾಲು ಒತ್ತೊತ್ತಾಗಿ ಕೂರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಅಂತ ಬರೆದರೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಹೊಡೆಯುತ್ತದೆ. ಜಾಗ ಬಿಟ್ಟರೆ ಬಲೂನ್ ದೊಡ್ಡದಾಗಿ ಪಾತ್ರದ ತಲೆ ಮುಚ್ಚುತ್ತದೆ. ಬೇರೆ ಭಾಷೆಯಲ್ಲಿ ಮಾಡಿದ ಬಲೂನಿಗೆ ಕನ್ನಡ ತುರುಕಿದ ಹಳೇ ಪುಸ್ತಕ ತೆಗೆದು ನೋಡಿ. ಅಕ್ಷರ ಇರುವೆಯಷ್ಟು ಸಣ್ಣದು ಇರುತ್ತದೆ, ಇಲ್ಲವಾದರೆ ಅರ್ಧ ಮಾತು ಹಾರಿಹೋಗಿರುತ್ತದೆ.

ಮಾಣಿಗೆ ನನ್ನ ಸಲಹೆ ಇಷ್ಟು. ಚಿತ್ರ ಮುಗಿಸಿ ಬಲೂನ್ ಇಡಬೇಡಿ. ಮಾತು ಮೊದಲು ಬರೆದು, ಫಾಂಟ್ ಹಾಕಿ, ಪುಟದಲ್ಲಿ ಕೂರಿಸಿ, ಉಳಿದ ಜಾಗದಲ್ಲಿ ಚಿತ್ರ ಬಿಡಿಸಿ. ಮತ್ತೆ ಗ್ರಂಥದ ಮಾತು ಬೇಡ. ‘ನಾವು ಮನೆಗೆ ಹಿಂದಿರುಗುವುದು ಹೇಗೆ ಎಂಬುದು ನನಗೆ ತಿಳಿಯುತ್ತಿಲ್ಲ’ ಅಂತ ಹಸಿದ ಮಗು ಹೇಳುವುದಿಲ್ಲ. ‘ಅಣ್ಣಾ, ದಾರಿ?’ ಅಂದರೆ ಸಾಕು. ಉಳಿದದ್ದು ಕಾಡು ಹೇಳಲಿ.

ಇನ್ನೊಂದು. ‘ಆಗ ಗ್ರೆಟೆಲ್ ಅಳುತ್ತಾಳೆ’ ಅಂತ ಮೇಲೆ ಪಟ್ಟಿಯಲ್ಲಿ ಬರೆದು ಕೆಳಗೆ ಅಳುವ ಗ್ರೆಟೆಲ್ ಬಿಡಿಸಿದ್ದೀರಾದರೆ ಎರಡರಲ್ಲಿ ಒಂದನ್ನು ಹೊಡೆದು ಹಾಕಿ. ನಾನಾದರೆ ಪಟ್ಟಿ ಹೊಡೆಯುತ್ತೇನೆ.

ಸುಮ್ನೆ ಕೇಳ್ತೇನೆ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಈಗ ಎಐಗೆ ಹೇಳಿದರೆ ಅರ್ಧ ಗಂಟೆಯಲ್ಲಿ 16 ಪುಟ ಕೊಡುತ್ತದೆ.

ಅಕ್ಷರ ಅಳತೆ, ಮಣಿಪಾಲ

ಕೊಡುತ್ತದೆ. ಮೂರನೇ ಪುಟದ ಗ್ರೆಟೆಲ್ ನಾಲ್ಕನೇ ಪುಟದಲ್ಲಿ ಬೇರೆ ಹುಡುಗಿ ಆಗಿರುತ್ತಾಳೆ. ಹೇಳಿ ಹೇಳಿ ಸರಿ ಮಾಡಿಸಬಹುದು, ಅಷ್ಟು ಹೊತ್ತಿನಲ್ಲಿ ಮಾಣಿ ಬಿಡಿಸಿ ಮುಗಿಸುತ್ತಾನೆ. ಅದಕ್ಕಿಂತ, ಅಮ್ಮನ ಮುಖ ಬಿಡಿಸಬಾರದು ಅಂತ ಅದಕ್ಕೆ ಹೊಳೆಯುತ್ತದಾ? ನೀವು ಹೇಳಬೇಕು. ಹೇಳಬೇಕಾದರೆ ನಿಮಗೆ ಮೊದಲು ಹೊಳೆಯಬೇಕು.

ಅಜ್ಜಿಯ ಪುಳ್ಳಿ, ಕಿನ್ನಿಗೋಳಿ

ತಡವಾಗಿ ಬಂದೆ. ನನ್ನ ಪ್ರಶ್ನೆ ಬೇರೆ. ಗ್ರಿಮ್ ಯಾಕೆ ಬೇಕು?

ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹಂಚಿ’ ಗೊತ್ತಲ್ಲ? ಕನ್ನಡದ ಸಿಂಡರೆಲ್ಲಾ ಅಂತ ಅವರೇ ಅದರ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದಿದ್ದಾರೆ. ಚಿನ್ನದ ಕೂದಲಿನ ಹುಡುಗಿ. ಅಣ್ಣನ ಕಣ್ಣೇ ಅವಳ ಮೇಲೆ ಬೀಳುತ್ತದೆ. ತಾಯಿ ಹೆದರಿ, ಅವಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಮನೆಯಿಂದ ಕಳಿಸುತ್ತಾಳೆ. ಎಲ್ಲರೂ ಅವಳನ್ನು ಹಂಚಿ ಅಂತ ಕರೆಯುತ್ತಾರೆ. ಅವಳು ಸಾಹುಕಾರರ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಚಪ್ಪಲಿ ಇಲ್ಲ, ಗಾಡಿ ಇಲ್ಲ, ದೇವತೆಯೂ ಇಲ್ಲ. ಮುಖವಾಡ ತೆಗೆದಾಗ ಯಾರು ನೋಡಿದರು, ಯಾರು ನೋಡಲಿಲ್ಲ ಅನ್ನುವುದರ ಮೇಲೆ ಕಥೆ ನಡೆಯುತ್ತದೆ. ಮಾಣಿ, ನೀವು ಮುಖ ಬಿಡಿಸುವುದಾ ಬಿಡುವುದಾ ಅಂತ ತಲೆ ಕೆಡಿಸಿಕೊಂಡಿದ್ದೀರಿ. ಈ ಕಥೆ ನಿಮಗಾಗಿಯೇ ಕಾದ ಹಾಗುಂಟು. ಅರ್ಧ ಪುಸ್ತಕ ನಾಯಕಿಗೆ ಮುಖವೇ ಇಲ್ಲ!

ಅದೇ ರಾಮಾನುಜನ್ ಅವರು ಕೊಟ್ಟ ಹೂಬಿಡುವ ಮರದ ಹುಡುಗಿಯ ಕಥೆಯೂ ಉಂಟು. ಕೊಡದ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ. ಹೂ ಕೊಯ್ಯುವಾಗ ಕೊಂಬೆ ಮುರಿದರೆ ಅವಳ ಕೈಕಾಲು ಮುರಿದ ಹಾಗೆ. ಗಿರೀಶ್ ಕಾರ್ನಾಡ್ 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದ್ದು ಇದರ ಮೇಲೆ. ಒಂದೊಂದೇ ಪ್ಯಾನಲ್‌ನಲ್ಲಿ ಬೆರಳು ಚಿಗುರಾಗುವುದನ್ನು ಬಿಡಿಸಬಹುದು. ಇನ್ನು ನಮ್ಮ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಬೆರಳು ತೋರಿಸುವ ಕಥೆ. ಒಬ್ಬರಿಗೆ ಒಂದು ಪ್ಯಾನಲ್, ಆಯಿತು.

ಇಷ್ಟು ಮನೆಯಲ್ಲೇ ಇರುವಾಗ ಹ್ಯಾನ್ಸೆಲ್‌ಗೆ ಮುಂಡಾಸು ಕಟ್ಟುವ ಕಷ್ಟ ಯಾಕೆ?

ಜರ್ಮನಿ ಪಕ್ಷ, ಮಂಗಳೂರು

ಪುಳ್ಳಿ ಅವರೇ, ಹಂಚಿಯಲ್ಲಿ ಅಣ್ಣನ ವಿಷಯವನ್ನು ಪ್ರೈಮರಿ ಶಾಲೆಯ ಲೈಬ್ರರಿಗೆ ಹೇಗೆ ಬಿಡಿಸುತ್ತೀರಿ?

ಅಜ್ಜಿಯ ಪುಳ್ಳಿ, ಕಿನ್ನಿಗೋಳಿ

ಬಿಡಿಸುವುದಿಲ್ಲ. ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಅವನ ನೆರಳು ತಂಗಿಯ ಕೂದಲಿನ ಮೇಲೆ ಬಿದ್ದಿದೆ, ತಾಯಿ ಅದನ್ನು ನೋಡುತ್ತಾಳೆ. ಮುಂದಿನ ಪ್ಯಾನಲ್‌ನಲ್ಲಿ ತಾಯಿ ಮಣ್ಣು ಕಲಸುತ್ತಿದ್ದಾಳೆ. ದೊಡ್ಡವರಿಗೆ ಗೊತ್ತಾಗುತ್ತದೆ, ಚಿಕ್ಕವರಿಗೆ ಹೆದರಿಕೆ ಮಾತ್ರ ಗೊತ್ತಾಗುತ್ತದೆ. ನನ್ನ ಅಜ್ಜಿ ಹೇಳುವಾಗಲೂ ಇಂಥ ಕಡೆ ಒಂದು ಸಲ ಕೆಮ್ಮಿ ಮುಂದೆ ಹೋಗುತ್ತಿದ್ದರು.

ರಾತ್ರಿ ಓದು, ಮಣಿಪಾಲ

ನಾನು ದೊಡ್ಡವರ ಕಾಮಿಕ್ಸ್ ಓದುವವಳು, ಎರಡು ಹೆಸರು ಹೇಳಿ ಹೋಗುತ್ತೇನೆ. ಬಿಲ್ ವಿಲ್ಲಿಂಗ್‌ಹ್ಯಾಮ್‌ನ ‘ಫೇಬಲ್ಸ್’, 2002ರಲ್ಲಿ ಶುರುವಾದದ್ದು. ಸ್ನೋ ವೈಟ್, ತೋಳ, ರಾಜಕುಮಾರ ಎಲ್ಲರೂ ತಮ್ಮ ದೇಶ ಕಳೆದುಕೊಂಡು ನ್ಯೂಯಾರ್ಕ್‌ನಲ್ಲಿ ಗುಟ್ಟಾಗಿ ಬದುಕುತ್ತಾರೆ. ಮಕ್ಕಳ ಕೈಗೆ ಕೊಡುವಂಥದ್ದಲ್ಲ. ನನಗೆ ಅದು ಒಂದು ಹಂತದ ಮೇಲೆ ಬೇಸರ ಬಂತು. ಪಾತ್ರಗಳಿಗೆ ಹೆಸರು ಮಾತ್ರ ಅಜ್ಜಿಕಥೆಯದ್ದು, ನಡೆಯುವುದು ಯುದ್ಧ, ರಾಜಕೀಯ.

ಇನ್ನೊಂದು ನಿಮಗೆ ಕೆಲಸಕ್ಕೆ ಬರಬಹುದು. ಟ್ರಂಗ್ ಲೆ ನ್ಗುಯೆನ್ ಅವರ ‘ದಿ ಮ್ಯಾಜಿಕ್ ಫಿಶ್’, 2020ರದ್ದು. ವಿಯೆಟ್ನಾಂನಿಂದ ಅಮೆರಿಕಕ್ಕೆ ಬಂದ ತಾಯಿ, ಅವಳ ಮಗ. ಇಬ್ಬರೂ ಕೂತು ಅಜ್ಜಿಕಥೆ ಓದುತ್ತಾರೆ. ಈಗ ನಡೆಯುವುದಕ್ಕೆ ಒಂದು ಬಣ್ಣ, ತಾಯಿಯ ಹಿಂದಿನ ದಿನಕ್ಕೆ ಇನ್ನೊಂದು, ಕಥೆಗೆ ಮತ್ತೊಂದು. ಕಥೆಯಲ್ಲಿ ಸಿಂಡರೆಲ್ಲಾಳ ವಿಯೆಟ್ನಾಂ ಅಕ್ಕ ಅನ್ನಬಹುದಾದ ಹುಡುಗಿಯೂ ಬರುತ್ತಾಳೆ. ಕಥೆ ಎಲ್ಲಿಯದ್ದು ಅನ್ನುವ ಜಗಳವೇ ಅಲ್ಲಿ ಇಲ್ಲ. ಕೇಳುವವರ ತಲೆಯಲ್ಲಿ ಯಾವ ಬಟ್ಟೆ ಬಂತೋ ಆ ಬಟ್ಟೆ ಬಿಡಿಸಿದ್ದಾರೆ.

ಮಲ್ಪೆ ಮೀನು

ಬಾಲಮಂಗಳ ಪತ್ರಿಕೆಯ ಡಿಂಗನನ್ನು ಯಾರೂ ನೆನಪು ಮಾಡಲಿಲ್ಲ. ಈ ವೇದಿಕೆಗೆ ಧಿಕ್ಕಾರ.

ಕೋರ್ಟ್ ರೋಡ್

ಅಚ್ಚು ಹಾಕುವ ಮೊದಲು ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಹೋದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ವಿಲ್ಹೆಲ್ಮ್ ಗ್ರಿಮ್ ಹೋದದ್ದು 1859ರಲ್ಲಿ, ಯಾಕೋಬ್ 1863ರಲ್ಲಿ. ಅವರ ಕಥೆಗೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ನೀವು ಯಾವ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಮಾಡುತ್ತಿದ್ದೀರಿ ಅದು ಮುಖ್ಯ. ಅನುವಾದಕ್ಕೆ ಬೇರೆಯೇ ಹಕ್ಕು ಇರುತ್ತದೆ. ಮಾರ್ಗರೆಟ್ ಹಂಟ್ ಅವರ 1884ರ ಅನುವಾದ ಆದರೆ ತೊಂದರೆ ಇಲ್ಲ.

ಮುಂದೆ ಸ್ನೋ ವೈಟ್ ಮಾಡುವುದಿದ್ದರೆ ಕುಬ್ಜರಿಗೆ ಆ ಸಿನಿಮಾದ ಹೆಸರು ಇಡಬೇಡಿ. ಗ್ರಿಮ್ ಪುಸ್ತಕದಲ್ಲಿ ಆ ಏಳು ಜನಕ್ಕೆ ಹೆಸರೇ ಇಲ್ಲ. ಸಿನಿಮಾದ ಆ ಹೆಸರು, ಸ್ನೋ ವೈಟ್‌ನ ಆ ಹಳದಿ ನೀಲಿ ಅಂಗಿ ಎಲ್ಲ 1937ರ ಡಿಸ್ನಿಯದ್ದು. ಅಮೆರಿಕದಲ್ಲಿ ಆ ಸಿನಿಮಾದ ಹಕ್ಕು 2032ರ ಕೊನೆವರೆಗೆ ಉಂಟು.

ಭಟ್ಟಿ ಬ್ರೆಡ್ಡು, ಬಲ್ಮಠ

ನನ್ನ ಬೇಕರಿ ಏನಾಯಿತು ಕೊನೆಗೆ?

ಪೆನ್ಸಿಲ್ ಮಾಣಿ, ಉಡುಪಿ

ಭಟ್ಟಿ ಬಂತು ಅಣ್ಣ, ಬೇಕರಿ ಬರಲಿಲ್ಲ. ಅದು ಹೇಗೆ ಅಂದರೆ, ಕಾಡು, ಮನೆ ಜರ್ಮನಿಯದ್ದೂ ಅಲ್ಲ, ಇಲ್ಲಿಯದ್ದೂ ಅಲ್ಲ ಅನ್ನುವ ಹಾಗೆ ಮಾಡುತ್ತಿದ್ದೇನೆ. ಮರದ ಕಾಂಡ ಮಾತ್ರ ಬಿಡಿಸುವುದು, ಎಲೆ ಪ್ಯಾನಲ್‌ನ ಹೊರಗೆ. ಎಲೆ ಕಾಣದಿದ್ದರೆ ಯಾವ ಮರ ಅಂತ ಯಾರಿಗೆ ಗೊತ್ತು? ಮಕ್ಕಳಿಗೆ ಬರೀ ಒಂದು ಉದ್ದ ಅಂಗಿ. ಆದರೆ ಮಕ್ಕಳು ಮುಟ್ಟುವ, ತಿನ್ನುವ ವಸ್ತು ಎಲ್ಲ ನಾನು ಕಣ್ಣಾರೆ ನೋಡಿದ್ದೇ ಆಗಬೇಕು. ಕಲ್ಲುಸಕ್ಕರೆಯ ಕಿಟಕಿ, ದೋಸೆ, ಸೌದೆ ಭಟ್ಟಿ, ಉದ್ದ ಹಿಡಿಯ ಹಲಗೆ. ಭಟ್ಟಿ ನೋಡಲು ಒಂದು ಹಳೇ ಬೇಕರಿಗೆ ಹೋಗಿದ್ದೆ, ಸ್ಕೆಚ್ ಮಾಡಲು ಬಿಟ್ಟರು. ರಸ್ಕ್ ಕೂಡ ಕೊಟ್ಟರು.

‘ಜರ್ಮನಿ ಪಕ್ಷ’ ಮೂಗು ಮುರಿದಿದ್ದಾಳೆ, ಆದರೆ ಬೇಡ ಅನ್ನಲಿಲ್ಲ.

ಟೀಚರಕ್ಕ, ಬ್ರಹ್ಮಾವರ

ಮಾಣಿ ಕಳಿಸಿದ ಕಚ್ಚಾ ಪುಟಗಳನ್ನು ಕ್ಲಾಸಿನಲ್ಲಿ ಕೊಟ್ಟೆ. ಅಮ್ಮನ ಮುಖ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಘೋರದ ಪುಟ ಬಂದಾಗ ಒಬ್ಬ ಪುಸ್ತಕ ಮುಚ್ಚಿ, ಪುನಃ ತೆಗೆದು, ಪಕ್ಕದವನಿಗೆ ತೋರಿಸಿದ. ಆಮೇಲೆ ಆ ಪುಟಕ್ಕೆ ಕ್ಯೂ!

ಆದರೆ ಜಗಳ ಆದದ್ದು ಬಾತುಕೋಳಿಯ ಬಗ್ಗೆ. ಕೊನೆಗೆ ಮಕ್ಕಳು ನೀರು ದಾಟಬೇಕು, ಸೇತುವೆ ಇಲ್ಲ, ಬಿಳಿ ಬಾತುಕೋಳಿ ಒಬ್ಬೊಬ್ಬರನ್ನೇ ಹೊತ್ತು ದಾಟಿಸುತ್ತದೆ. ಮಾಣಿ ಅದನ್ನು ಒಂದು ಸಣ್ಣ ಪ್ಯಾನಲ್‌ನಲ್ಲಿ ಮುಗಿಸಿದ್ದಾರೆ. ಬಾತುಕೋಳಿ ಅಷ್ಟು ದೊಡ್ಡದು ಇರುತ್ತದಾ? ಅಣ್ಣ ಮೊದಲು ಹೋದನಾ ತಂಗಿಯಾ? ಒಬ್ಬರು ಆಚೆ ಹೋದಾಗ ಇನ್ನೊಬ್ಬರು ಒಬ್ಬರೇ ಈಚೆ ನಿಲ್ಲಬೇಕಲ್ಲ ಟೀಚರ್? ಅಷ್ಟು ಹೊತ್ತು ಕಾಡಿನಲ್ಲಿ ಒಟ್ಟಿಗೆ ಇದ್ದವರು ಬೇರೆಯಾಗುವುದು ಅದೊಂದೇ ಸಲ ಅಂತ ಒಬ್ಬಳು ಹುಡುಗಿ ಹೇಳಿದಳು. ಗೂಡಿನೊಳಗೆ ಹ್ಯಾನ್ಸೆಲ್ ಇದ್ದದ್ದು ಅವಳ ಲೆಕ್ಕಕ್ಕಿಲ್ಲ, ಯಾಕೆಂದರೆ ‘ಅಲ್ಲಿ ಮಾತಾಡಬಹುದಿತ್ತು’.

ಹಳೇ ಪುಸ್ತಕ ಮಾಮ, ಕಾರ್ಕಳ

1812ರ ಮುದ್ರಣದಲ್ಲಿ ಬಾತುಕೋಳಿ ಇಲ್ಲ ಟೀಚರಕ್ಕ. ಆಮೇಲೆ ಸೇರಿದ್ದು. ಬೇಡವಾದರೆ ಪೂರ್ತಿ ತೆಗೆಯಬಹುದು.

ಟೀಚರಕ್ಕ, ಬ್ರಹ್ಮಾವರ

ತೆಗೆದರೆ ನಾನು ಆ ಕ್ಲಾಸಿಗೆ ಹೋಗುವ ಹಾಗಿಲ್ಲ ಮಾಮ.

ಪೆನ್ಸಿಲ್ ಮಾಣಿ, ಉಡುಪಿ

ತೆಗೆಯುವುದಿಲ್ಲ. ಅದಕ್ಕೆ ಎರಡು ಪುಟ ಬೇಕು ಅಂತ ಕಾಣುತ್ತದೆ. ಎಡಪುಟದಲ್ಲಿ ನೀರಿನ ಈಚೆ ಒಬ್ಬಳೇ, ಬಲಪುಟದಲ್ಲಿ ಆಚೆ ಒಬ್ಬನೇ, ನಡುವೆ ಪಿನ್ ಹೊಡೆಯುವ ಜಾಗದಲ್ಲಿ ನೀರು. ಮಾತು ಒಂದೂ ಇಲ್ಲ. ಆದರೆ 16 ಪುಟ ಆಗಲೇ ತುಂಬಿದೆ. ಮೊದಲ ಸಲ ಕಾಡಿಗೆ ಬಿಟ್ಟು, ಬಿಳಿ ಕಲ್ಲು ನೋಡಿಕೊಂಡು ವಾಪಸು ಬರುವ ಭಾಗವನ್ನು ಮೂರು ಪುಟದಿಂದ ಒಂದಕ್ಕೆ ಇಳಿಸಬೇಕು. ಇಲ್ಲವಾದರೆ ಅರ್ಧ ಫಾರಂ ಜಾಸ್ತಿ ಮಾಡಿ 24 ಪುಟ. ‘ಅಕ್ಷರ ಅಳತೆ’ ಅಣ್ಣ, 80 ಜಿಎಸ್‌ಎಂ ತೂಕದ ಮ್ಯಾಪ್ಲಿಥೋ ಕಾಗದದಲ್ಲಿ 24 ಪುಟಕ್ಕೆ ಖರ್ಚು ಎಷ್ಟು ಏರಬಹುದು, ಪ್ರೆಸ್ಸಿನಲ್ಲಿ ವಿಚಾರಿಸಿ ಹೇಳುತ್ತೀರಾ?

ಅಕ್ಷರ ಅಳತೆ, ಮಣಿಪಾಲ

ನಾಳೆ ಕೇಳುತ್ತೇನೆ. 70 ಜಿಎಸ್‌ಎಂನ ತೆಳು ಕಾಗದ ಮಾತ್ರ ಬೇಡ, ಘೋರದ ಪುಟದ ಕಪ್ಪು ಹಿಂದಿನ ಪುಟಕ್ಕೆ ಕಾಣುತ್ತದೆ. ತಿರುಗಿಸುವ ಮೊದಲೇ ಗುಟ್ಟು ರಟ್ಟು.